ಮಾದರಿ ವಿಮಾನಕ್ಕೆ ಪೆಟ್ರೋಲ್ ಎಂಜಿನ್

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ



ಮೂರು ತಿಂಗಳ ಹಿಂದೆ ಇದೇ ಸಭಾಂಗಣದಲ್ಲಿ ಮಾದರಿ ವಿಮಾನಗಳ ಪುಟ್ಟ ಪ್ರದರ್ಶನವೊಂದು ನಡೆದಿತ್ತು. ಅಂದು ತಂದೆಯೊಬ್ಬರು ತಮ್ಮ ಮಗನೊಡನೆ ನನ್ನ ಬಳಿಗೆ ಬಂದರು. ಹುಡುಗನ ಕೈಯಲ್ಲಿ ಸುಮಾರು ಎರಡು ಮೀಟರ್ ಅಗಲದ ರೆಕ್ಕೆಯುಳ್ಳ ಮಾದರಿಯಿತ್ತು. ಅದರ ಮೂತಿಯಲ್ಲಿದ್ದುದು 15 ಸಿ.ಸಿ.ಯ ಗ್ಲೋ ಎಂಜಿನ್. "ಸರ್, ಇದು ಕುಡಿಯುವ ಇಂಧನದ ಬೆಲೆ ನಮ್ಮ ಕೈಗೆಟುಕುತ್ತಿಲ್ಲ. 20 ಸಿ.ಸಿ.ಯ ಪೆಟ್ರೋಲ್ ಎಂಜಿನ್ ಒಂದನ್ನು ಕೊಂಡಿದ್ದೇವೆ. ಬರುವ ಭಾನುವಾರ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರೆ ಆಯಿತಲ್ಲವೇ?" ಎಂದು ತಂದೆ ಕೇಳಿದರು. ಒಂದು ಭಾನುವಾರ ಸಾಲದು ಎಂದೆ. ಏಕೆ ಸಾಲದು ಎಂಬುದನ್ನು ಅಂದು ನಿಂತಲ್ಲೇ ವಿವರಿಸಲಾಗಲಿಲ್ಲ. ಸಂಘದ ಕಾರ್ಯದರ್ಶಿಗಳು ಇಂದು ಅದಕ್ಕೆ ಅವಕಾಶ ಕಲ್ಪಿಸಿದ್ದಾರೆ.

ಮೊದಲಿಗೆ ಈ ಎರಡು ಎಂಜಿನ್‌ಗಳ ಸ್ವಭಾವವನ್ನು ತಿಳಿಯೋಣ. ಗ್ಲೋ ಎಂಜಿನ್ ಮೆಥನಾಲ್ ಎಂಬ ಮದ್ಯಸಾರದಿಂದ ನಡೆಯುತ್ತದೆ. ಅದರೊಡನೆ ಶೇಕಡಾ 15ರಿಂದ 20ರಷ್ಟು ಎಣ್ಣೆ, ಸ್ವಲ್ಪ ನೈಟ್ರೋಮೀಥೇನ್ ಬೆರೆತಿರುತ್ತದೆ. ಎಣ್ಣೆ ಎಂದರೆ ಅನೇಕ ವೇಳೆ ನಮ್ಮ ಹರಳೆಣ್ಣೆಯೇ. ಸಿಲಿಂಡರಿನ ನೆತ್ತಿಯಲ್ಲಿರುವ ಗ್ಲೋ ಪ್ಲಗ್‌ನ ಒಳಗೆ ಪ್ಲಾಟಿನಂ ಬೆರೆತ ತಂತಿಯ ಸುರುಳಿಯಿದೆ. ಆರಂಭದಲ್ಲಿ ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಿದರೆ ಸಾಕು. ಎಂಜಿನ್ ಚಾಲನೆಗೊಂಡ ಬಳಿಕ ಬ್ಯಾಟರಿಯನ್ನು ತೆಗೆದುಬಿಡಬಹುದು. ಪ್ಲಾಟಿನಂ ಮತ್ತು ಮೆಥನಾಲ್‌ಗಳ ನಡುವಿನ ರಾಸಾಯನಿಕ ಕ್ರಿಯೆಯೇ ತಂತಿಯನ್ನು ಬಿಸಿಯಾಗಿಡುತ್ತದೆ. ವಿದ್ಯುತ್ ಕಿಡಿಯೂ ಬೇಡ, ಕಿಡಿಯ ಕಾಲನಿರ್ಣಯವೂ ಬೇಡ. ಅಷ್ಟು ಸರಳವಾದ ಯಂತ್ರ.

ಪೆಟ್ರೋಲ್ ಹೀಗೆ ಹೊತ್ತಿಕೊಳ್ಳುವುದಿಲ್ಲ. ಅದಕ್ಕೆ ಪ್ರತಿ ಸುತ್ತಿನಲ್ಲಿಯೂ, ಪಿಸ್ಟನ್ ಮೇಲಿನ ತುದಿಯನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು, ಸ್ಪಾರ್ಕ್ ಪ್ಲಗ್‌ನಿಂದ ಕಿಡಿ ಬೀಳಬೇಕು. ಆ ಕಿಡಿಗೆ ಸಾವಿರಾರು ವೋಲ್ಟಿನ ಒತ್ತಡ ಬೇಕು. ಒತ್ತಡಕ್ಕೆ ಬ್ಯಾಟರಿ, ಇಗ್ನಿಷನ್ ಪೆಟ್ಟಿಗೆ, ಕಾಲವನ್ನು ಸೂಚಿಸುವ ಅಯಸ್ಕಾಂತ, ಅದನ್ನು ಗುರುತಿಸುವ ಸಂವೇದಕ ಇವೆಲ್ಲ ಬೇಕು. ಹೀಗೆ ಎಂಜಿನ್ ಒಂದನ್ನೇ ಬದಲಿಸುತ್ತೇವೆಂದು ಹೊರಟವರು ಒಂದು ಸಣ್ಣ ವಿದ್ಯುತ್ ಕೇಂದ್ರವನ್ನೇ ವಿಮಾನದೊಳಗೆ ಸ್ಥಾಪಿಸುತ್ತಾರೆ.

ಹಾಗಾದರೆ ಇಷ್ಟೆಲ್ಲ ತೊಂದರೆ ಏಕೆ? ಲೆಕ್ಕ ಸರಳ. ಒಂದು ಕಿಲೋಗ್ರಾಂ ಮೆಥನಾಲ್ ಉರಿದಾಗ ಸುಮಾರು 20 ಮೆಗಾಜೂಲ್ ಶಾಖ ದೊರೆಯುತ್ತದೆ. ಪೆಟ್ರೋಲಿನಿಂದ ಸುಮಾರು 44. ಒಂದು ಪಾಲು ಮೆಥನಾಲ್‌ಗೆ ತೂಕದಲ್ಲಿ ಸುಮಾರು ಆರೂವರೆ ಪಾಲು ಗಾಳಿ ಸಾಕು, ಪೆಟ್ರೋಲಿಗಾದರೋ 14.7 ಪಾಲು ಬೇಕು. ಸಿಲಿಂಡರು ಒಂದು ಹೊಡೆತದಲ್ಲಿ ಸೆಳೆದುಕೊಳ್ಳುವ ಗಾಳಿಯ ಪ್ರಮಾಣ ಗೊತ್ತುಪಡಿಸಿದ್ದಾದ್ದರಿಂದ ಅದೇ ಗಾಳಿಗೆ ಪೆಟ್ರೋಲ್ ಅರ್ಧಕ್ಕಿಂತಲೂ ಕಡಿಮೆ ಖರ್ಚಾಗುತ್ತದೆ. ಆದರೆ ಈ ಲೆಕ್ಕದಲ್ಲಿಯೇ ಇನ್ನೊಂದು ಸತ್ಯ ಅಡಗಿದೆ. ಗಾಳಿಯ ಲೆಕ್ಕದಲ್ಲಿ ನೋಡಿದರೆ ಎರಡು ಇಂಧನಗಳೂ ಕೊಡುವ ಶಾಖ ಹೆಚ್ಚು ಕಡಿಮೆ ಒಂದೇ. ಆದುದರಿಂದ ಪೆಟ್ರೋಲ್ ಎಂಜಿನ್ ಹೆಚ್ಚು ಬಲಶಾಲಿ ಎಂಬ ನಂಬಿಕೆ ತಪ್ಪು. ಅದು ಮಿತವ್ಯಯಿ, ಅಷ್ಟೆ. 15 ಸಿ.ಸಿ.ಯ ಗ್ಲೋ ಎಂಜಿನ್ ಮಾಡುತ್ತಿದ್ದ ಕೆಲಸಕ್ಕೆ 20 ಸಿ.ಸಿ.ಯ ಪೆಟ್ರೋಲ್ ಎಂಜಿನ್ ಬೇಕೆನ್ನುವುದು ಇದೇ ಕಾರಣದಿಂದ.

ಈ ಮಿತವ್ಯಯ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಒಂದು ನಿದರ್ಶನವನ್ನು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಮೇನಾರ್ಡ್ ಹಿಲ್ ಎಂಬ ಹಿರಿಯರು ಮಾದರಿ ವಿಮಾನವೊಂದನ್ನು ಅಟ್ಲಾಂಟಿಕ್ ಸಾಗರದ ಆಚೆಗೆ ಹಾರಿಸುವ ಸಂಕಲ್ಪ ಮಾಡಿದರು. ಆಗ ಅವರಿಗೆ 77 ವರ್ಷ. ಕಣ್ಣು ಬಹುಮಟ್ಟಿಗೆ ಕಾಣುತ್ತಿರಲಿಲ್ಲ, ಕಿವಿಯೂ ಮಂದವಾಗಿತ್ತು. ಅಂತಾರಾಷ್ಟ್ರೀಯ ನಿಯಮದಂತೆ ಇಂಧನವೂ ಸೇರಿ ವಿಮಾನದ ತೂಕ 5 ಕಿಲೋಗ್ರಾಂ ಮೀರುವಂತಿರಲಿಲ್ಲ. ಅವರು ಮೆಥನಾಲ್‌ಗೆಂದು ತಯಾರಾದ 10 ಸಿ.ಸಿ.ಯ ನಾಲ್ಕು ಹೊಡೆತದ ಎಂಜಿನ್ ಅನ್ನು ಆರಿಸಿಕೊಂಡು, ಅದನ್ನು ಕಿಡಿ ದಹನಕ್ಕೆ ಮಾರ್ಪಡಿಸಿದರು. ಶಿಬಿರಗಳ ಒಲೆಗೆ ಉಪಯೋಗಿಸುವ ಶುದ್ಧ ಪೆಟ್ರೋಲನ್ನು ಇಂಧನವಾಗಿ ಬಳಸಿದರು. ನಾವು ಇಂದು ಚರ್ಚಿಸುತ್ತಿರುವ ಕೆಲಸವನ್ನೇ ಅವರೂ ಮಾಡಿದರೆನ್ನಬಹುದು. ಹಿಂದಿನ ಪ್ರಯತ್ನಗಳು ವಿಫಲವಾದವು. ಒಂದೊಂದೇ ವಿಮಾನ ನಷ್ಟವಾಯಿತು. ಕೊನೆಗೆ 2003ರ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕೇಪ್ ಸ್ಪಿಯರ್‌ನಿಂದ ಮೇಲೇರಿದ ಐದನೆಯ ವಿಮಾನ, 38 ಗಂಟೆ 52 ನಿಮಿಷಗಳ ನಂತರ, ಆಗಸ್ಟ್ 11ರಂದು ಐರ್ಲೆಂಡಿನ ಕ್ಲಿಫ್ಡನ್ ಸಮೀಪದ ಕಡಲತೀರದಲ್ಲಿ ಇಳಿಯಿತು. ಕ್ರಮಿಸಿದ ದೂರ ಸುಮಾರು 3030 ಕಿಲೋಮೀಟರ್. ಖರ್ಚಾದ ಇಂಧನ ಒಂದು ಅಮೆರಿಕನ್ ಗ್ಯಾಲನ್‌ಗಿಂತ ಕಡಿಮೆ, ಎಂದರೆ 3.8 ಲೀಟರಿನ ಒಳಗೆ. ನಮ್ಮ ಸ್ಕೂಟರುಗಳು ಲೀಟರಿಗೆ 50 ಕಿಲೋಮೀಟರ್ ಓಡಿದರೆ ಹೆಮ್ಮೆಪಡುತ್ತೇವೆ. ಆ ಬಾಲ್ಸಾ ಮರದ ಹಕ್ಕಿ ಲೀಟರಿಗೆ ಸುಮಾರು 800 ಕಿಲೋಮೀಟರ್ ಹಾರಿತು.

ಇತಿಹಾಸದ ದೃಷ್ಟಿಯಿಂದಲೂ ಪೆಟ್ರೋಲ್ ಹೊಸಬನಲ್ಲ. ಗ್ಲೋ ಎಂಜಿನ್ನೇ ನಡುವೆ ಬಂದ ಅತಿಥಿ. ರೈಟ್ ಸೋದರರ ಹಾರಾಟಕ್ಕೆ ಎರಡು ವರ್ಷ ಮುಂಚೆ, 1901ರಲ್ಲಿಯೇ, ಸ್ಯಾಮ್ಯುಯೆಲ್ ಲ್ಯಾಂಗ್ಲಿಯವರ ಕಾಲು ಪ್ರಮಾಣದ ಮಾದರಿ ವಿಮಾನ ಪೆಟ್ರೋಲ್ ಎಂಜಿನ್‌ನಿಂದ ಹಾರಿತ್ತು. ಅದೇ ಲ್ಯಾಂಗ್ಲಿಯವರ ಪೂರ್ಣಪ್ರಮಾಣದ ವಿಮಾನ 1903ರಲ್ಲಿ ಎರಡು ಬಾರಿ ನದಿಗೆ ಬಿದ್ದಿತೆಂಬುದು ಬೇರೆ ಮಾತು. 1930ರ ದಶಕದಲ್ಲಿ ಫಿಲಡೆಲ್ಫಿಯಾದ ಬಿಲ್ ಬ್ರೌನ್ ಎಂಬ ತರುಣ ನಿರ್ಮಿಸಿದ ಸುಮಾರು 10 ಸಿ.ಸಿ.ಯ ಕಿಡಿ ಎಂಜಿನ್, ಹುಡುಗರ ಕೈಗೆ ಎಟುಕುವ ಯಂತ್ರವಾಯಿತು. 1937ರಲ್ಲಿ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು ರೇಡಿಯೋ ನಿಯಂತ್ರಣದಿಂದ ಹಾರಿಸಿದ ಮಾದರಿಗೂ ಇದೇ ಎಂಜಿನ್ ಇತ್ತು. 1947ರಲ್ಲಿ ರೇ ಆರ್ಡನ್ ಅವರ ಗ್ಲೋ ಪ್ಲಗ್ ಮಾರುಕಟ್ಟೆಗೆ ಬಂದ ಮೇಲೆ, ಕಾಯಿಲ್ಲು ಕಂಡೆನ್ಸರುಗಳ ಭಾರವನ್ನು ಹೊರುವವರು ಯಾರು? ಪೆಟ್ರೋಲ್ ಹಿಂದೆ ಸರಿಯಿತು. ಅದು ಮರಳಿ ಬಂದದ್ದು ಮರ ಕೊಯ್ಯುವ ಗರಗಸ ಮತ್ತು ಕಳೆ ಕತ್ತರಿಸುವ ಯಂತ್ರಗಳ ಮೂಲಕ. ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ, ಕೊಡಗಿನ ಕಾಫಿ ತೋಟಗಳಲ್ಲಿ ಹೆಗಲಿಗೆ ಹಾಕಿಕೊಂಡು ಕಳೆ ಸವರುವ ಯಂತ್ರವನ್ನು ನೀವು ಕಂಡಿರಬಹುದು. ಅದರೊಳಗಿನ ಎಂಜಿನ್‌ಗೂ ಇಂದು ಆಕಾಶದಲ್ಲಿ ಗುಂಯ್‌ಗುಡುವ ಎಂಜಿನ್‌ಗೂ ಹತ್ತಿರದ ನಂಟಿದೆ.

ಇನ್ನು ಕೆಲಸಕ್ಕೆ ಇಳಿಯೋಣ.

ಎಂಜಿನ್ ಕೂರುವ ಮುಂಭಾಗದ ಪ್ಲೈವುಡ್ ಹಲಗೆಯನ್ನು ಮೊದಲು ಪರೀಕ್ಷಿಸಬೇಕು. ಪೆಟ್ರೋಲ್ ಎಂಜಿನ್‌ನ ಪಿಸ್ಟನ್ ದೊಡ್ಡದು, ಪ್ರೊಪೆಲರ್ ದೊಡ್ಡದು. ಅದರ ನಡುಕ ಗ್ಲೋ ಎಂಜಿನ್‌ನ ನಡುಕದಂತಲ್ಲ. ತೆಳುವಾದ ಹಲಗೆಯಾದರೆ ಅದರ ಹಿಂದೆ 6 ಮಿಲಿಮೀಟರಿನ ಬರ್ಚ್ ಪ್ಲೈವುಡ್ ಅಂಟಿಸಿ, ಮೂಲೆಗಳಿಗೆ ತ್ರಿಕೋನಾಕಾರದ ಮರದ ಪಟ್ಟಿ ಕೊಟ್ಟು, ಎಪಾಕ್ಸಿ ಅಂಟಿನೊಡನೆ ಪಕ್ಕದಿಂದ ಬಿದಿರಿನ ಗೂಟಗಳನ್ನು ಹೊಡೆಯಬೇಕು. ಮರದ ಸ್ಕ್ರೂಗಳಿಂದ ಎಂಜಿನ್ ಬಿಗಿಯುವುದು ಸಲ್ಲದು. ಆರಪಾರ ಹೋಗುವ ಉಕ್ಕಿನ ಬೋಲ್ಟು, ಹಿಂಬದಿಯಲ್ಲಿ ಹಲಗೆಗೆ ಕಚ್ಚಿಕೊಳ್ಳುವ ನಟ್ಟು, ಎಳೆಗಳಿಗೆ ಸಡಿಲವಾಗದಂತೆ ಹಿಡಿಯುವ ಅಂಟು ಬೇಕು. ಬಳಿಕ ಇಡೀ ಹಲಗೆಗೆ ತೆಳ್ಳಗಿನ ಎಪಾಕ್ಸಿ ಬಳಿಯಿರಿ. ಪೆಟ್ರೋಲ್ ಹೀರಿದ ಮರ ಅಂಟನ್ನು ಬಿಡುತ್ತದೆ, ಬೆಂಕಿಗೂ ಆಹಾರವಾಗುತ್ತದೆ.

ಎರಡನೆಯದು ಇಂಧನದ ದಾರಿ. ಇಲ್ಲಿ ಹೊಸಬರು ಎಡವುವುದು ಕೊಳವೆಯ ವಿಷಯದಲ್ಲಿ. ಗ್ಲೋ ಇಂಧನಕ್ಕೆ ಬಳಸುವ ಸಿಲಿಕೋನ್ ಕೊಳವೆ ನೋಡಲು ಚೆನ್ನ, ಮೆದುವೂ ಹೌದು. ಆದರೆ ಪೆಟ್ರೋಲಿನಲ್ಲಿ ಅದು ಊದಿಕೊಂಡು ಮೆತ್ತಗಾಗಿ, ಒಂದು ದಿನ ಹಿತ್ತಾಳೆಯ ನಳಿಕೆಯಿಂದ ತಾನಾಗಿ ಕಳಚಿಬೀಳುತ್ತದೆ. ಟೈಗಾನ್ ಅಥವಾ ವೈಟಾನ್‌ನಂತಹ, ಪೆಟ್ರೋಲಿಗೆಂದೇ ಮಾಡಿದ ಕೊಳವೆಯನ್ನು ಬಳಸಬೇಕು. ಟ್ಯಾಂಕಿನ ಬಾಯಿಯ ರಬ್ಬರ್ ಬಿರಡೆಯೂ ಅಂತಹುದೇ ಆಗಿರಬೇಕು. ಟ್ಯಾಂಕಿನೊಳಗೆ ತೂಗಾಡುವ ಕೊಳವೆಯ ತುದಿಯ ಭಾರದ ಗುಂಡನ್ನು ಬದಲಿಸುವಾಗ, ಸೋಸುವ ಬತ್ತಿಯಿರುವುದನ್ನೇ ಆರಿಸಿ; ಪೆಟ್ರೋಲ್ ಕಾರ್ಬ್ಯುರೇಟರಿನ ರಂಧ್ರಗಳು ಬಹು ಸೂಕ್ಷ್ಮ.

ಆ ಕಾರ್ಬ್ಯುರೇಟರಿನ ಬಗ್ಗೆ ಎರಡು ಮಾತು. ವಾಲ್ಬ್ರೊ ಮಾದರಿಯ ಕಾರ್ಬ್ಯುರೇಟರಿನಲ್ಲಿ ತೆಳುವಾದ ಪೊರೆಯೊಂದಿದೆ. ಎಂಜಿನ್‌ನ ಹೊಟ್ಟೆಯಲ್ಲಿ ಪಿಸ್ಟನ್ ಏರಿಳಿದಂತೆ ಉಂಟಾಗುವ ಒತ್ತಡದ ಮಿಡಿತವೇ ಆ ಪೊರೆಯನ್ನು ಆಡಿಸಿ ಇಂಧನವನ್ನು ಮೇಲಕ್ಕೆಳೆಯುತ್ತದೆ. ಇದರ ದೊಡ್ಡ ಉಪಕಾರವೆಂದರೆ, ಟ್ಯಾಂಕು ಎಂಜಿನ್‌ಗೆ ಅಂಟಿಕೊಂಡು ಸೂಜಿಯ ಮಟ್ಟದಲ್ಲಿಯೇ ಇರಬೇಕಾದ ನಿರ್ಬಂಧವಿಲ್ಲ. ಅದನ್ನು ಹಿಂದಕ್ಕೆ, ವಿಮಾನದ ಗುರುತ್ವ ಕೇಂದ್ರದ ಬಳಿಗೆ ಸರಿಸಬಹುದು. ಇಂಧನ ಖಾಲಿಯಾದಂತೆ ವಿಮಾನದ ಸಮತೋಲ ಕೆಡುವುದಿಲ್ಲ. ಗ್ಲೋ ಎಂಜಿನ್‌ನಲ್ಲಿ ಮಾಡುತ್ತಿದ್ದಂತೆ ಸೈಲೆನ್ಸರಿನಿಂದ ಟ್ಯಾಂಕಿಗೆ ಒತ್ತಡದ ಕೊಳವೆ ಕೊಡುವುದು ಇಲ್ಲಿ ಅನಗತ್ಯ, ಕೊಟ್ಟರೆ ಕೆಡುಕೇ. ಅದರ ಬದಲು ಟ್ಯಾಂಕಿಗೆ ಗಾಳಿಯಾಡುವ ಕೊಳವೆಯೊಂದನ್ನು ವಿಮಾನದ ಹೊಟ್ಟೆಯ ಕೆಳಗೆ, ಸೈಲೆನ್ಸರಿನಿಂದ ದೂರದಲ್ಲಿ ಹೊರಬಿಡಬೇಕು.

ಎಣ್ಣೆಯ ಪ್ರಮಾಣ ಬಹಳ ಕಡಿಮೆ. ತಯಾರಕರು 30ಕ್ಕೆ 1 ಎಂದರೆ ಲೀಟರ್ ಪೆಟ್ರೋಲಿಗೆ ಸುಮಾರು 33 ಮಿಲಿಲೀಟರ್, 50ಕ್ಕೆ 1 ಎಂದರೆ 20 ಮಿಲಿಲೀಟರ್. ಮನೆಯಲ್ಲಿ ಔಷಧ ಅಳೆಯುವ ಲೋಟವೊಂದನ್ನು ಇದಕ್ಕೆಂದೇ ತೆಗೆದಿಡಿ. ಮತ್ತೆ ಅದನ್ನು ಅಡುಗೆಮನೆಗೆ ಸೇರಿಸಬೇಡಿ. ಈಗ ನಮ್ಮ ದೇಶದ ಪಂಪುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಶೇಕಡಾ 20ರ ಮಿಶ್ರಣದ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ದೇಶದ ದೃಷ್ಟಿಯಿಂದ ಅದು ಉಪಯುಕ್ತ ಕ್ರಮ. ನಮ್ಮ ಪುಟ್ಟ ಎಂಜಿನ್‌ನ ದೃಷ್ಟಿಯಿಂದ ಎರಡು ಎಚ್ಚರಿಕೆಗಳಿವೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಆದ್ದರಿಂದ ಬೆರೆಸಿದ ಇಂಧನವನ್ನು ತಿಂಗಳುಗಟ್ಟಲೆ ಇಡಬಾರದು. ಮುಂಬಯಿ ಚೆನ್ನೈಗಳ ಕಡಲ ಹವೆಯಲ್ಲಂತೂ ಖಂಡಿತ ಕೂಡದು. ಹಾರಾಟ ಮುಗಿದ ಮೇಲೆ ಟ್ಯಾಂಕನ್ನು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೂ ಎಂಜಿನ್ ಓಡಿಸಿ ನಿಲ್ಲಿಸಬೇಕು. ಇಲ್ಲವಾದರೆ ಪೊರೆ ಗಡುಸಾಗಿ, ಮುಂದಿನ ಬಾರಿ ಎಂಜಿನ್ ಏಳುವುದೇ ಇಲ್ಲ.

ಮೆಥನಾಲ್ ಆವಿಯಾಗುವಾಗ ಎಂಜಿನ್‌ನ ಶಾಖವನ್ನು ಧಾರಾಳವಾಗಿ ಹೀರಿಕೊಳ್ಳುತ್ತಿತ್ತು. ಪೆಟ್ರೋಲ್ ಅಷ್ಟು ಉದಾರಿಯಲ್ಲ. ಆದಕಾರಣ ಎಂಜಿನ್‌ನ ಮುಸುಕಿನೊಳಗೆ ಬಂದ ಗಾಳಿ ಸಿಲಿಂಡರಿನ ರೆಕ್ಕೆಗಳ ನಡುವೆಯೇ ಹಾದುಹೋಗುವಂತೆ ತಗಡು ಅಥವಾ ಬಾಲ್ಸಾದ ತಡೆಗಳನ್ನಿಡಬೇಕು. ಗಾಳಿ ಹೊರಹೋಗುವ ಕಿಂಡಿ ಒಳಬರುವ ಕಿಂಡಿಗಿಂತ ಎರಡರಷ್ಟಾದರೂ ದೊಡ್ಡದಿರಲಿ. ಒಳಬರುವ ಕಿಂಡಿಯನ್ನೇ ದೊಡ್ಡದು ಮಾಡುತ್ತಾ ಹೋಗುವವರನ್ನು ಕಂಡಿದ್ದೇನೆ. ಹೊರಬಾಗಿಲಿಲ್ಲದ ಮನೆಗೆ ಎಷ್ಟು ಕಿಟಕಿ ಇಟ್ಟರೇನು?

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಧಾರವಾಡದಲ್ಲಿದ್ದೆ. ಕಳೆ ಕತ್ತರಿಸುವ ಯಂತ್ರದ ಹಳೆಯ ಎಂಜಿನ್ ಒಂದನ್ನು ಬಿಚ್ಚಿ, ಹಗುರಮಾಡಿ, ನಾನೇ ಕಟ್ಟಿದ ಮಾದರಿಗೆ ಕೂರಿಸಿದ್ದೆ. ಮೇಜಿನ ಮೇಲೆ ಎಂಜಿನ್ ಅಚ್ಚುಕಟ್ಟಾಗಿ ಓಡಿತು. ಊರಾಚೆಯ ಹೊಲವೊಂದರಲ್ಲಿ ಹಿಂಗಾರು ಜೋಳದ ಕೊಯ್ಲು ಮುಗಿದಿತ್ತು. ಅಲ್ಲಿಯೇ ಹಾರಿಸಿದೆ. ಹತ್ತಿರದಲ್ಲಿ ಎಲ್ಲವೂ ಸರಿಯಾಗಿತ್ತು. ನೂರೈವತ್ತು ಮೀಟರ್ ದಾಟುತ್ತಿದ್ದಂತೆ ವಿಮಾನ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಚುಕ್ಕಾಣಿ ತಾನಾಗಿ ಅತ್ತಿತ್ತ ಹೊಡೆದುಕೊಳ್ಳುತ್ತಿತ್ತು. ಎಂಜಿನ್ ಮಾತ್ರ ಪೂರ್ಣ ವೇಗದಲ್ಲಿ ಮೊರೆಯುತ್ತಲೇ ಇತ್ತು. ಅದನ್ನು ನಿಲ್ಲಿಸುವ ಗುಂಡಿ ಇದ್ದುದು ವಿಮಾನದ ಮೈಮೇಲೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ವಿಮಾನ ಓರೆಯಾಗಿ ಕೂಳೆಯ ಮೇಲೆ ಬಿದ್ದಿತು, ಟ್ಯಾಂಕು ಒಡೆಯಿತು, ನಾನು ಓಡಿ ಮುಟ್ಟುವಷ್ಟರಲ್ಲಿ ಒಣಗಿದ ಕೂಳೆ ಹೊತ್ತಿಕೊಂಡಿತ್ತು.

ಅಲ್ಲಿಂದ ಐವತ್ತು ಹೆಜ್ಜೆಯ ದೂರದಲ್ಲಿ ಆ ಹೊಲದ ಯಜಮಾನರ ಮೇವಿನ ಬಣವೆಯಿತ್ತು. ಅವರು, ಅವರ ಮಗ, ನಾನು ಮೂವರೂ ಹಸಿ ಬೇವಿನ ಟೊಂಗೆಗಳಿಂದ ಬಡಿದು, ಮಣ್ಣು ಎರಚಿ ಬೆಂಕಿ ನಂದಿಸಿದೆವು. ಬಣವೆ ಉಳಿಯಿತು. ನಾನು ಕ್ಷಮೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಸಾಹೇಬ್ರ, ನಿಮ್ಮ ವಿಮಾನ ಹೋದ್ರ ಇನ್ನೊಂದು ಮಾಡ್ಕೋತೀರಿ. ಬಣವಿ ಹೋಗಿದ್ರ ನಮ್ಮ ದನಾ ಈ ಬ್ಯಾಸಗಿ ಏನ್ ತಿನ್ನಬೇಕಿತ್ತರಿ?" ಎಂದಷ್ಟೇ ಹೇಳಿದರು. ಸಿಟ್ಟಾಗಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ಸುಟ್ಟ ಅವಶೇಷಗಳನ್ನು ಮುಂದಿಟ್ಟುಕೊಂಡು ನನ್ನ ತಪ್ಪುಗಳನ್ನು ಹುಡುಕಿದೆ. ಕಿಡಿ ಎನ್ನುವುದು ತಾನೇ ಒಂದು ಪುಟ್ಟ ರೇಡಿಯೋ ಕೇಂದ್ರ. ಪ್ರತಿ ಕಿಡಿಯೂ ಸುತ್ತಲಿಗೆಲ್ಲ ವಿದ್ಯುತ್ಕಾಂತೀಯ ಗದ್ದಲವನ್ನು ಹರಡುತ್ತದೆ. ಗದ್ದಲವನ್ನು ತಡೆಯುವ ಪ್ಲಗ್ ಟೋಪಿಯನ್ನು ನಾನು ಹಾಕಿರಲಿಲ್ಲ. ರಿಸೀವರನ್ನು ಕಾಯಿಲ್ಲಿಗೆ ಗೇಣುದ್ದ ದೂರದಲ್ಲಿಯೇ ಇಟ್ಟಿದ್ದೆ. ಕಾರ್ಬ್ಯುರೇಟರಿನ ಲೋಹದ ತೋಳಿನಿಂದ ಸರ್ವೋಗೆ ಲೋಹದ ಸರಳನ್ನೇ ಜೋಡಿಸಿದ್ದೆ. ಆ ಗದ್ದಲ ನೇರವಾಗಿ ರಿಸೀವರಿಗೆ ಹೋಗಲು ನಾನೇ ದಾರಿ ಮಾಡಿಕೊಟ್ಟಂತಾಗಿತ್ತು. ವಿಮಾನ ಹತ್ತಿರವಿದ್ದಾಗ ನನ್ನ ಟ್ರಾನ್ಸ್‌ಮಿಟರಿನ ಧ್ವನಿ ಜೋರಾಗಿತ್ತು, ಗದ್ದಲ ಅದನ್ನು ಮುಚ್ಚಲಿಲ್ಲ. ದೂರ ಹೋದಂತೆ ನನ್ನ ಧ್ವನಿ ಕ್ಷೀಣಿಸಿತು. ಗದ್ದಲ ಮಾತ್ರ ವಿಮಾನದ ಜೊತೆಗೇ ಹೋಯಿತು.

ಇಂದಿನ 2.4 ಗಿಗಾಹರ್ಟ್ಸ್ ರೇಡಿಯೋಗಳು ಅಂದಿನವುಗಳಷ್ಟು ಸುಲಭವಾಗಿ ಈ ಗದ್ದಲಕ್ಕೆ ಸೋಲುವುದಿಲ್ಲ. ಆದರೂ ಶಿಸ್ತನ್ನು ಸಡಿಲಿಸಬಾರದು. ಇಗ್ನಿಷನ್ ಪೆಟ್ಟಿಗೆ, ಅದರ ಬ್ಯಾಟರಿ, ಅದರ ಸ್ವಿಚ್ಚು ಇವು ಒಂದು ಗುಂಪು. ರಿಸೀವರ್, ಅದರ ಬ್ಯಾಟರಿ, ಸರ್ವೋಗಳು ಇನ್ನೊಂದು ಗುಂಪು. ಎರಡರ ನಡುವೆ 30 ಸೆಂಟಿಮೀಟರ್ ಅಂತರವಿರಲಿ. ಎರಡಕ್ಕೂ ಒಂದೇ ಬ್ಯಾಟರಿ ಕೂಡದು. ಥ್ರಾಟಲ್‌ಗೆ ನೈಲಾನ್ ಸರಳು ಬಳಸಿರಿ. ಪ್ಲಗ್‌ನ ಟೋಪಿ ಬಿಗಿಯಾಗಿ ಕಚ್ಚಿ ಕೂರಬೇಕು, ಅದರ ಸುತ್ತಲಿನ ಲೋಹದ ಹೆಣಿಗೆ ಎಂಜಿನ್‌ನ ಮೈಗೆ ತಾಗಿರಬೇಕು. ಇನ್ನೊಂದು ಮಾತು: ಪ್ಲಗ್‌ನಿಂದ ಟೋಪಿ ತೆಗೆದಿಟ್ಟು, ಸ್ವಿಚ್ಚು ಹಾಕಿ ಪ್ರೊಪೆಲರ್ ತಿರುಗಿಸಬೇಡಿ. ಕಿಡಿಗೆ ಹೋಗಲು ದಾರಿಯಿಲ್ಲದೆ ಇಗ್ನಿಷನ್ ಪೆಟ್ಟಿಗೆಯೇ ಸುಟ್ಟುಹೋಗುತ್ತದೆ. ಅದರ ಬೆಲೆ ಅಲ್ಪವಲ್ಲ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ನಿಲ್ಲಿಸುವ ಗುಂಡಿಯದು. ಎಂಜಿನ್ ಚಾಲೂ ಮಾಡುವುದನ್ನು ಎಲ್ಲರೂ ಕಲಿಯುತ್ತಾರೆ. ಅದನ್ನು ದೂರದಿಂದ ನಿಲ್ಲಿಸುವ ವ್ಯವಸ್ಥೆಯನ್ನು, ಎಂಜಿನ್‌ಗೆ ಮೊದಲ ಹನಿ ಇಂಧನ ಹಾಕುವ ಮುನ್ನವೇ ಮಾಡಿರಬೇಕು. ಈಗ ಅದು ಕಷ್ಟವಲ್ಲ. ರಿಸೀವರಿನ ಒಂದು ಚಾನಲ್‌ನಿಂದ ಇಗ್ನಿಷನ್‌ನ ವಿದ್ಯುತ್ತನ್ನು ಕಡಿಯುವ ಪುಟ್ಟ ಸಾಧನಗಳು ದೊರೆಯುತ್ತವೆ. ಅವುಗಳಲ್ಲಿ ಸಂದೇಶ ಬೆಳಕಿನ ಮೂಲಕ ದಾಟುವುದರಿಂದ ಎರಡು ಗುಂಪುಗಳ ನಡುವೆ ತಂತಿಯ ಸಂಬಂಧವೇ ಇರುವುದಿಲ್ಲ. ಸಂಪರ್ಕ ತಪ್ಪಿದ ಕೂಡಲೇ ಥ್ರಾಟಲ್ ಮುಚ್ಚಿ ಇಗ್ನಿಷನ್ ಕಡಿಯುವಂತೆ ರಿಸೀವರಿಗೆ ಮೊದಲೇ ಕಲಿಸಿಡಬೇಕು. ಕಲಿಸಿದ್ದೇವೆಂದು ನಂಬಿ ಕೂರಬಾರದು, ಪರೀಕ್ಷಿಸಬೇಕು. ವಿಮಾನದ ಬಾಲವನ್ನು ಗಟ್ಟಿಯಾದ ಗೂಟಕ್ಕೆ ಕಟ್ಟಿ, ಎಂಜಿನ್ ಅರ್ಧ ವೇಗದಲ್ಲಿ ಓಡುತ್ತಿರುವಾಗ ಟ್ರಾನ್ಸ್‌ಮಿಟರನ್ನು ಆರಿಸಿರಿ. ಕ್ಷಣಗಳಲ್ಲಿ ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಅಂದು ಹಾರಾಟವಿಲ್ಲ. ಬಳಿಕ ಟ್ರಾನ್ಸ್‌ಮಿಟರಿನ ಶಕ್ತಿ ತಗ್ಗಿಸುವ ಪರೀಕ್ಷಾ ಗುಂಡಿಯನ್ನೊತ್ತಿ ದೂರ ನಡೆಯುತ್ತಾ, ಎಂಜಿನ್ ನಿಂತಿದ್ದಾಗ ಎಷ್ಟು ಹೆಜ್ಜೆಯವರೆಗೆ ಸರ್ವೋಗಳು ಸರಿಯಾಗಿ ಆಡುತ್ತವೆ, ಓಡುತ್ತಿರುವಾಗ ಎಷ್ಟು ಹೆಜ್ಜೆಯವರೆಗೆ ಎಂದು ಎಣಿಸಿರಿ. ಎರಡು ಎಣಿಕೆಗಳಲ್ಲಿ ಹೆಚ್ಚು ವ್ಯತ್ಯಾಸ ಕಂಡರೆ ಗದ್ದಲ ಇನ್ನೂ ಉಳಿದಿದೆಯೆಂದೇ ಅರ್ಥ.

ಪ್ರೊಪೆಲರ್ ಬಗ್ಗೆ ತಾಯಂದಿರು ವಿಶೇಷವಾಗಿ ಗಮನಿಸಬೇಕು. 16 ಅಂಗುಲದ ಪ್ರೊಪೆಲರ್ ನಿಮಿಷಕ್ಕೆ 8000 ಸುತ್ತು ತಿರುಗುವಾಗ ಅದರ ತುದಿಯ ವೇಗ ಗಂಟೆಗೆ 600 ಕಿಲೋಮೀಟರ್ ದಾಟುತ್ತದೆ. ತಿರುಗುವಾಗ ಅದು ಕಣ್ಣಿಗೆ ಕಾಣುವುದೂ ಇಲ್ಲ. ಬರಿಗೈಯಿಂದ ಅದನ್ನು ತಿರುಗಿಸಬಾರದು. ದಪ್ಪ ಚರ್ಮದ ಕೈಗವಸು ಅಥವಾ ರಬ್ಬರ್ ಸುತ್ತಿದ ಕೋಲು ಬೇಕು. ಸಹಾಯಕನೊಬ್ಬ ವಿಮಾನವನ್ನು ಹಿಂದಿನಿಂದ ಹಿಡಿದಿರಬೇಕು. ಎಂಜಿನ್ ಎದ್ದ ಮೇಲೆ ಸೂಜಿಗಳನ್ನು ಸರಿಪಡಿಸುವುದಾದರೆ ಪ್ರೊಪೆಲರ್‌ನ ಹಿಂದಕ್ಕೆ ಬಂದು ಸರಿಪಡಿಸಬೇಕು, ಮುಂದಿನಿಂದ ಕೈ ಚಾಚಬಾರದು. ಪ್ರೊಪೆಲರ್‌ನ ಸಾಲಿನಲ್ಲಿ, ಅದರ ಪಕ್ಕಕ್ಕೆ ಯಾರೂ ನಿಲ್ಲಬಾರದು. ಗ್ಲೋ ಎಂಜಿನ್‌ಗೆ ಬ್ಯಾಟರಿ ತಗುಲಿಸದಿದ್ದರೆ ಅದು ಸಾಮಾನ್ಯವಾಗಿ ಏಳುವುದಿಲ್ಲ ಎಂಬ ಧೈರ್ಯವಿತ್ತು. ಪೆಟ್ರೋಲ್ ಎಂಜಿನ್ ಸ್ವಿಚ್ಚು ಹಾಕಿದ್ದರೆ ಒಂದೇ ತಿರುವಿಗೆ ಏಳಬಹುದು. ನನ್ನ ಎಡಗೈಯ ತೋರುಬೆರಳಿನ ತುದಿಯನ್ನು ನೋಡಿದವರಿಗೆ ನಾನು ಇದನ್ನು ಎರಡನೆಯ ಬಾರಿ ಹೇಳಬೇಕಾಗಿಲ್ಲ.

ಚಾಲೂ ಮಾಡುವ ಕ್ರಮ ಹೀಗೆ. ಸ್ವಿಚ್ಚು ಆರಿಸಿಯೇ ಇರಲಿ. ಚೋಕ್ ಮುಚ್ಚಿ, ಕೊಳವೆಯಲ್ಲಿ ಇಂಧನ ಬಂದು ಕಾರ್ಬ್ಯುರೇಟರ್ ಒದ್ದೆಯಾಗುವವರೆಗೆ ಪ್ರೊಪೆಲರ್ ತಿರುಗಿಸಿ. ಈಗ ಸ್ವಿಚ್ಚು ಹಾಕಿ, ಚೋಕ್ ಮುಚ್ಚಿದಂತೆಯೇ ತಿರುಗಿಸಿದರೆ ಎಂಜಿನ್ ಒಮ್ಮೆ 'ಫಟ್' ಎಂದು ಸದ್ದು ಮಾಡಿ ನಿಲ್ಲುತ್ತದೆ. ಆಗ ಚೋಕ್ ತೆರೆದು, ಥ್ರಾಟಲ್ ತುಸುವೇ ತೆರೆದು ಮತ್ತೆ ತಿರುಗಿಸಿದರೆ ಓಡತೊಡಗುತ್ತದೆ. ಕಾರ್ಬ್ಯುರೇಟರಿನಲ್ಲಿ ಎರಡು ಸೂಜಿಗಳಿವೆ: ಒಂದು ನಿಧಾನ ಗತಿಗೆ, ಇನ್ನೊಂದು ಪೂರ್ಣ ವೇಗಕ್ಕೆ. ಮೊದಲು ಪೂರ್ಣ ವೇಗದ್ದನ್ನು, ಬಳಿಕ ನಿಧಾನ ಗತಿಯದನ್ನು ಸರಿಪಡಿಸಿ, ಮತ್ತೊಮ್ಮೆ ಮೊದಲಿನದಕ್ಕೆ ಬನ್ನಿ. ಒಂದು ಬಾರಿಗೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸುವ ಆತುರ ಬೇಡ. ಹೊಸ ಎಂಜಿನ್‌ಗೆ ಮೊದಲ ಕೆಲವು ಲೀಟರುಗಳಲ್ಲಿ ಇಂಧನ ತುಸು ಹೆಚ್ಚಾಗಿಯೇ ಇರಲಿ. ಸ್ವಲ್ಪ ಹೊಗೆ ಬಂದರೂ ಚಿಂತೆಯಿಲ್ಲ.

ಪುಣೆ, ಮುಂಬಯಿ, ದಿಲ್ಲಿಗಳಂತಹ ನಗರಗಳ ಬಹುಮಹಡಿ ಮನೆಗಳಲ್ಲಿ ವಾಸಿಸುವ ನಮ್ಮವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೆಥನಾಲ್‌ನಿಂದ ಆವಿ ಹೊತ್ತಿಕೊಳ್ಳಲು ಸುಮಾರು 11 ಡಿಗ್ರಿ ಉಷ್ಣತೆಯಾದರೂ ಬೇಕು. ಪೆಟ್ರೋಲಿನ ಆವಿ ಶೂನ್ಯಕ್ಕಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಆ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು, ಬಾಲ್ಕನಿಯಿಂದ ಅಡುಗೆಮನೆಯವರೆಗೂ ಸದ್ದಿಲ್ಲದೆ ಹೋಗಿ ತಲುಪುತ್ತದೆ. ಪೆಟ್ರೋಲನ್ನು ಮನೆಯೊಳಗೆ ತುಂಬಿಸುವುದಾಗಲಿ, ಬೆರೆಸುವುದಾಗಲಿ, ಎಂಜಿನ್ ಓಡಿಸುವುದಾಗಲಿ ಸಲ್ಲದು. ಮೈದಾನದಲ್ಲಿ, ನೆರಳಿನಲ್ಲಿ, ಬಿಗಿ ಮುಚ್ಚಳದ ಲೋಹದ ಡಬ್ಬಿಯಿಂದ ತುಂಬಿಸಿರಿ. ಒಣಪುಡಿಯ ಅಗ್ನಿಶಾಮಕವೊಂದು ಕೈಗೆಟುಕುವಂತಿರಲಿ. ಮೈದಾನಕ್ಕೆ ಲೋಕಲ್ ರೈಲಿನಲ್ಲಿ ಹೋಗುವವರು ಪೆಟ್ರೋಲ್ ಒಯ್ಯುವಂತಿಲ್ಲ. ಅದು ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ. ಹಿಂದಿರುಗುವಾಗ ಟ್ಯಾಂಕಿನಲ್ಲಿ ಉಳಿದ ಒಂದು ಗುಟುಕಿಗೂ ಅದೇ ನಿಯಮ.

ಹಾರಿಸುವ ಜಾಗದ ಬಗ್ಗೆಯೂ ಕಾನೂನಿದೆ. 2021ರ ಡ್ರೋನ್ ನಿಯಮಗಳಲ್ಲಿ ಶಿಕ್ಷಣ, ಸಂಶೋಧನೆ ಅಥವಾ ವಿನೋದಕ್ಕಾಗಿ ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋಗ್ರಾಂ ಮೀರದ ಮಾದರಿ ವಿಮಾನಗಳಿಗೆ ಪ್ರತ್ಯೇಕ ಸ್ಥಾನವಿದೆ. ಅವುಗಳಿಗೆ ಮಾದರಿ ಪ್ರಮಾಣಪತ್ರದ ಅಗತ್ಯವಿಲ್ಲ. ಆದರೆ ಎಲ್ಲಿ ಹಾರಿಸಬಹುದೆಂಬುದನ್ನು ಸರ್ಕಾರ ಪ್ರಕಟಿಸಿರುವ ವಾಯುಪ್ರದೇಶದ ನಕ್ಷೆಯಲ್ಲಿ ನೋಡಿಯೇ ತೀರಬೇಕು. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದ ಪ್ರದೇಶದಲ್ಲಿ 60 ಮೀಟರ್‌ವರೆಗೆ ಅವಕಾಶವುಂಟು. ಹಳದಿ ಮತ್ತು ಕೆಂಪು ವಲಯಗಳಲ್ಲಿ ಅನುಮತಿಯಿಲ್ಲದೆ ಹಾರಿಸಕೂಡದು. ಲೋಹೆಗಾಂವ್ ವಾಯುನೆಲೆಯಿರುವ ಈ ಪುಣೆಯಲ್ಲಿ ಇದನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಪ್ರತಿ ಋತುವಿನ ಆರಂಭದಲ್ಲಿ ಒಮ್ಮೆ ನೋಡಿಕೊಳ್ಳಿ.

ಎಲ್ಲ ಮಾದರಿಗಳಿಗೂ ಪೆಟ್ರೋಲ್ ಎಂಜಿನ್ ಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಒಂದೂವರೆ ಮೀಟರಿಗಿಂತ ಕಿರಿದಾದ ರೆಕ್ಕೆಯ ಮಾದರಿಗೆ ಎಂಜಿನ್, ಇಗ್ನಿಷನ್ ಪೆಟ್ಟಿಗೆ, ಎರಡನೆಯ ಬ್ಯಾಟರಿ ಇವುಗಳ ತೂಕ ಹೊರೆಯೇ ಸರಿ; ಅಲ್ಲಿ ವಿದ್ಯುತ್ ಮೋಟಾರೇ ಮೇಲು. ಎರಡು ಮೀಟರಿನ ಮಾದರಿಯನ್ನು ಇಪ್ಪತ್ತು ನಿಮಿಷ ನಿಶ್ಚಿಂತೆಯಿಂದ ಹಾರಿಸಬೇಕೆನ್ನುವವರಿಗೆ ಈ ಶ್ರಮ ಸಾರ್ಥಕ.

ಆರಂಭದಲ್ಲಿ ಹೇಳಿದ ತಂದೆ ಮತ್ತು ಮಗ ಇಂದು ಇಲ್ಲಿಯೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಮಾದರಿ ಇನ್ನೂ ಹಾರಿಲ್ಲ. ಹಲಗೆ ಬಲಪಡಿಸುವುದಕ್ಕೆ ಎರಡು ವಾರ, ಟ್ಯಾಂಕನ್ನು ಹಿಂದಕ್ಕೆ ಸರಿಸಿ ಗುರುತ್ವ ಕೇಂದ್ರವನ್ನು ಮೊದಲಿನ ಜಾಗಕ್ಕೆ ತರುವುದಕ್ಕೆ ಇನ್ನೆರಡು ವಾರ ಹಿಡಿಯಿತು. ಮೊದಲ ಪರೀಕ್ಷೆಯಲ್ಲಿ ಟ್ರಾನ್ಸ್‌ಮಿಟರ್ ಆರಿಸಿದಾಗ ಎಂಜಿನ್ ನಿಲ್ಲಲಿಲ್ಲ. ರಿಸೀವರಿಗೆ ಕಲಿಸಿದ ಪಾಠ ತಲೆಕೆಳಗಾಗಿತ್ತು. ಕಳೆದ ಭಾನುವಾರ ಅದನ್ನು ತಿದ್ದಿ ಮತ್ತೆ ಪರೀಕ್ಷಿಸಿದೆವು. ಹುಡುಗನೇ ಗುಂಡಿಯನ್ನು ಆರಿಸಿದ. ಎಂಜಿನ್ ಎರಡು ಸೆಕೆಂಡಿನಲ್ಲಿ ನಿಂತಿತು. ಅವನು ಅದನ್ನು ಮತ್ತೆ ಮತ್ತೆ, ಒಟ್ಟು ಹತ್ತು ಬಾರಿ ಮಾಡಿ ನೋಡಿದ.

ಎಂಜಿನ್ ಅನ್ನು ಇಂದು ಬರಿದಾದ ಟ್ಯಾಂಕಿನೊಡನೆ ಹೊರಗಿನ ಮೇಜಿನ ಮೇಲೆ ಇರಿಸಿದ್ದಾರೆ. ಆಸಕ್ತರು ಬಂದು ನೋಡಬಹುದು, ಪ್ರಶ್ನೆಗಳಿದ್ದರೆ ಕೇಳಬಹುದು. ಪ್ರೊಪೆಲರ್ ತಿರುಗಿಸುವುದಿದ್ದರೆ ದಯವಿಟ್ಟು ನನ್ನನ್ನು ಕರೆಯಿರಿ.